ಗೊತ್ತುಗುರಿಯಿಲ್ಲದೆ ಗ್ರನಾಡಾಕ್ಕೆ

ದಕ್ಷಿಣ ಸ್ಪೇನಿನ ಬೆಟ್ಟದ ದಾರಿಗಳಲ್ಲಿ ಕಣ್ಣು ಮುಚ್ಚಿಕೊಂಡು ಕಾರು ಓಡಿಸಿದ ಏಕೈಕ ಕನ್ನಡಿಗ ನಾನು. ಸುಳ್ಳು ಬಿಡಿ. ಓಡಿಸಿದವಳು ನಮ್ಮವಳು, ಕಣ್ಣು ಮುಚ್ಚಿಕೊಂಡಿದ್ದಷ್ಟೇ ನಾನು. ಆದರೆ ನಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಆಗಿಯೇ ತೀರುತ್ತದೆ ಎನ್ನುವುದು ಸತ್ಯ. ಬೇಕಾದರೆ ಅವಳನ್ನೇ ಕೇಳಿ. ಬೇಡ, ಕೇಳಬೇಡಿ. ಈ ಟೀ ಕುಡಿಯುತ್ತಾ ನಾನೇ ಹೇಳುತ್ತೇನೆ.

ನಾವಿರುವುದು ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ. ಅವಳಿಗೆ ಔಷಧ ಸಂಶೋಧನೆಯ ಕೆಲಸ, ನನಗೆ ಅವಳನ್ನು ಗೋಳುಹೊಯ್ದುಕೊಳ್ಳುವ ಕೆಲಸ. ಇಲ್ಲಿ ಪಕ್ಕದ ಮನೆಯವರ ಜೊತೆ ಕೂತು ಒಂದು ಕಾಫಿ ಕುಡಿಯಬೇಕಾದರೂ ವಾರಗಟ್ಟಲೆ ಮುಂಚೆ ಕ್ಯಾಲೆಂಡರಿನಲ್ಲಿ ಜಾಗ ಹಿಡಿಯಬೇಕು. ರೋಸಿಹೋಗಿ ಒಂದು ದಿನ ಘೋಷಿಸಿಬಿಟ್ಟೆ: "ಸ್ಪೇನಿಗೆ ಹೋಗೋಣ ಕಣೇ! ಬುಕಿಂಗ್ ಇಲ್ಲ, ಪ್ಲಾನ್ ಇಲ್ಲ. ಕಾರು ನಿಂತಲ್ಲಿ ಊಟ, ನಿದ್ದೆ ಬಂದಲ್ಲಿ ರೂಮು!"

"ಆಯ್ತು ರೀ. ಆದ್ರೆ ನನ್ನ ಐವತ್ತನೇ ಹುಟ್ಟುಹಬ್ಬದ ದಿನ ನಾನು ಗ್ರನಾಡಾದ ಅಲ್ಹಾಂಬ್ರ ಅರಮನೆ ಒಳಗೆ ಇರ್ಬೇಕು. ಕಾಲೇಜಲ್ಲಿ ಅದರ ಫೋಟೋ ನೋಡಿದಾಗಿನಿಂದ ಆಸೆ. ಅದೊಂದು ತಪ್ಪಬಾರದು."

"ಅದು ನನ್ನ ಜವಾಬ್ದಾರಿ!" ಎಂದು ಎದೆ ತಟ್ಟಿಕೊಂಡೆ. ಟಿಕೆಟ್ಟು ಬಾಗಿಲಲ್ಲೇ ಕೊಡುತ್ತಾರೆ, ಸರ್ಕಸ್ಸಿಗೆ ಕೊಡುವ ಹಾಗೆ ಎಂದುಕೊಂಡಿದ್ದೆ.

ಸಂಜೆ ಐದೂವರೆಯ ಊಟ

ಮೊದಲ ದಿನ ಸುಣ್ಣ ಬಳಿದ ಮನೆಗಳ ಒಂದು ಪುಟ್ಟ ಊರು. ಸ್ವೀಡನ್ನಿನ ಹೊಟ್ಟೆ ನೋಡಿ, ಸಂಜೆ ಐದೂವರೆಗೆ ಸರಿಯಾಗಿ ಕೂಗಿತು. ಹೋಟೆಲಿಗೆ ನುಗ್ಗಿದರೆ ಕುರ್ಚಿಗಳೆಲ್ಲ ಮೇಜಿನ ಮೇಲಿದ್ದವು. ಯಜಮಾನ ನೆಲ ಒರೆಸುತ್ತಿದ್ದ.

"ಮಧ್ಯಾಹ್ನದ ಊಟ ಮುಗೀತು," ಅಂದ.

"ನಾವು ಬಂದಿದ್ದು ರಾತ್ರಿ ಊಟಕ್ಕೆ."

ಅವನು ಗಡಿಯಾರ ನೋಡಿದ, ಹೊರಗೆ ಸುಡುತ್ತಿದ್ದ ಬಿಸಿಲು ನೋಡಿದ, ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ಯಾವ ರಾತ್ರಿಯದು? ನಿನ್ನೆಯದಾ, ಇವತ್ತಿನದಾ?"

ಕೊನೆಯವರು ಯಾರು?

ಮರುದಿನ ಒಂದು ಬೇಕರಿ. ಅಲ್ಲಿ ಸಾಲು ಅಂತ ಒಂದಿಲ್ಲ, ಎಲ್ಲರೂ ಕಂಡಕಂಡಲ್ಲಿ ನಿಂತು ಹರಟುತ್ತಿದ್ದರು. ನಮ್ಮ ಕಣ್ಣೆದುರೇ ಬ್ರೆಡ್ಡೆಲ್ಲ ಖಾಲಿಯಾಗುತ್ತಿತ್ತು. ಕೊನೆಗೆ ಒಬ್ಬ ಅಜ್ಜಿ ಕನಿಕರಪಟ್ಟು ಗುಟ್ಟು ಬಿಟ್ಟುಕೊಟ್ಟರು: "ಒಳಗೆ ಬಂದ ಕೂಡಲೇ 'ಕೊನೆಯವರು ಯಾರು' ಅಂತ ಕೇಳ್ಬೇಕು. ಅವರಾದ ಮೇಲೆ ನೀವು."

ಆಹಾ, ಎಂಥ ಜ್ಞಾನೋದಯ! ಮುಂದಿನ ಊರಿನ ಬೇಕರಿಗೆ ಸ್ಥಳೀಯನಂತೆ ಎದೆ ಸೆಟೆಸಿಕೊಂಡು ನುಗ್ಗಿ, "ಕೊನೆಯವರು ಯಾರು?" ಎಂದು ಅವರದೇ ಭಾಷೆಯಲ್ಲಿ ಗಟ್ಟಿಯಾಗಿ ಕೇಳಿದೆ. ಒಳಗೆ ಮಾರುವ ಹೆಂಗಸೊಬ್ಬಳೇ ಇದ್ದಳು.

"ನೀವೇ," ಅಂದಳು. "ಬಾಗಿಲು ಹಾಕ್ತಾ ಇದ್ದೀನಿ."

ಅರಮನೆಯ ಸಿಬ್ಬಂದಿ

ಹುಟ್ಟುಹಬ್ಬದ ಬೆಳಿಗ್ಗೆ ನಮ್ಮವಳು ಮೈಸೂರು ಸಿಲ್ಕ್ ಉಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿ ತಯಾರು. ಅರಮನೆಯ ಬಾಗಿಲಲ್ಲಿ ಕಾವಲಿನವನು ಇಲ್ಲವೆಂದು ಕೈಯಲ್ಲಾಡಿಸಿದ. ಇವತ್ತಿನ ಟಿಕೆಟ್ಟುಗಳೆಲ್ಲ ಯಾವತ್ತೋ ಖಾಲಿಯಂತೆ! ಅವಳ ಕಡೆ ತಿರುಗಿ, "ಅಯ್ಯೋ, ಅರಮನೆಗೆ ಇವತ್ತು ರಜಾ ಅಂತೆ ಕಣೇ," ಅಂದೆ.

"ಮತ್ತೆ ಒಳಗೆ ಹೋಗ್ತಿರೋ ಇವರೆಲ್ಲ ಯಾರು?"

"ಸಿಬ್ಬಂದಿ."

"ತಳ್ಳುಗಾಡೀಲಿ ಮಲಗಿರೋ ಆ ಕೂಸು?"

"ಟ್ರೈನಿ."

ಅವಳು ಫೋನ್ ತೆಗೆದು ತೋರಿಸಿದಳು. ಟಿಕೆಟ್ಟು! "ನೀವು ಎದೆ ತಟ್ಟಿಕೊಂಡ ದಿನಾನೇ ಬುಕ್ ಮಾಡಿದೆ."

"ನನ್ನ ಬಂಗಾರ! ಬಾ, ಹೋಗೋಣ!"

"ಹೋಗೋಣ ಅಲ್ಲ, ಹೋಗ್ತೀನಿ. ಒಂದೇ ಟಿಕೆಟ್. ನಿಮಗೆ ಬುಕಿಂಗ್ ಅಂದ್ರೆ ಆಗಲ್ವಲ್ಲ. ಆ ಗೋಡೆ ಹತ್ರ ನಿಂತಿರಿ, ಅಲುಗಾಡಬೇಡಿ."

ನಿಂತೆ. ಗೋಡೆಯಲ್ಲೊಂದು ಮುಚ್ಚಿದ ಬಾಗಿಲಿತ್ತು, ಕಸಬರಿಕೆ ಇಡುವ ಕೋಣೆಯದು. ಸ್ವಲ್ಪ ಹೊತ್ತಿಗೆ ನನ್ನ ಹಿಂದೆ, ಒಂದೂವರೆ ಮಾರು ದೂರ ಬಿಟ್ಟು, ಟೋಪಿ ಹಾಕಿದ ದಂಪತಿ ಬಂದು ನಿಂತರು. ಅವರ ಹಿಂದೆ ಇನ್ನಿಬ್ಬರು. ಮಾತು ಕೇಳಿದೆ, ಅಪ್ಪಟ ಸ್ವೀಡಿಷ್! ಆ ದೇಶದವರಿಗೆ ಒಬ್ಬ ಸುಮ್ಮನೆ ನಿಂತಿದ್ದರೂ ಸಾಕು, ಅದು ಕ್ಯೂ. ನೋಡನೋಡುತ್ತಾ ಸಾಲು ಮರದ ನೆರಳು ದಾಟಿತು. ಇದು ಕ್ಯೂ ಅಲ್ಲ ಎಂದು ಹೇಳಬಹುದಿತ್ತು. ನಾನು ತಿರುಗಿ, "ಇವತ್ತು ಸ್ವಲ್ಪ ನಿಧಾನ," ಅಂದೆ ಸ್ವೀಡಿಷ್‌ನಲ್ಲಿ. ಎಲ್ಲರೂ ತಾಳ್ಮೆಯಿಂದ ತಲೆಯಾಡಿಸಿದರು.

ನಮ್ಮವಳು ಹೊರಗೆ ಬಂದಾಗ ಮುಖದಲ್ಲಿ ದೀಪ ಹಚ್ಚಿಟ್ಟಂತಿತ್ತು. ಸಾಲು ನೋಡಿ ಗಕ್ಕನೆ ನಿಂತಳು. "ಏನ್ರೀ ಇದು?"

"ಇವರನ್ನೆಲ್ಲ ನಿನಗೋಸ್ಕರ ಕರೆಸಿದ್ದೀನಿ," ಎಂದವನೇ ಸಾಲಿನ ಕಡೆ ತಿರುಗಿ, "ನನ್ನ ಹೆಂಡತಿಗೆ ಇವತ್ತು ಐವತ್ತು!" ಎಂದು ಸ್ವೀಡಿಷ್‌ನಲ್ಲಿ ಕೂಗಿದೆ. ನಂಬಿದರೆ ನಂಬಿ, ಇಡೀ ಸಾಲು ಜಾಗ ಬಿಡದೆ ಹುಟ್ಟುಹಬ್ಬದ ಹಾಡು ಹಾಡಿ, ತಮ್ಮ ಪದ್ಧತಿಯಂತೆ ನಾಲ್ಕು ಸಲ ಹುರ್ರಾ ಅಂದಿತು. ನಮ್ಮವಳು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

ಆಗ ಟೋಪಿಯ ಮುದುಕ ಕೇಳಿದ: "ಅಂದಹಾಗೆ, ಈ ಬಾಗಿಲು ಯಾವಾಗ ತೆಗೀತಾರೆ?"

"ಇದು ಕ್ಯೂ ಅಲ್ಲ," ಅಂದಳು ಇವಳು. "ಇವರಿಗೆ ಶಿಕ್ಷೆ ಕೊಟ್ಟು ನಿಲ್ಲಿಸಿದ್ದೆ."

ಮುದುಕ ಹಿಂದಿನವರ ಜೊತೆ ಗಂಭೀರವಾಗಿ ಸಮಾಲೋಚಿಸಿ ಹೇಳಿದ: "ಪರವಾಗಿಲ್ಲ. ಇಷ್ಟು ಹೊತ್ತು ನಿಂತಿದ್ದೀವಿ, ನಮ್ಮ ಪಾಲಿನ ಶಿಕ್ಷೆ ಮುಗಿಸಿಕೊಂಡೇ ಹೋಗ್ತೀವಿ."

ಏನು ನಗ್ತೀರಿ ಸ್ವಾಮಿ? ಅಷ್ಟು ನಕ್ಕ ಮೇಲೆ ನನ್ನ ಈ ಟೀ ದುಡ್ಡನ್ನೂ ನೀವೇ ಕೊಟ್ಟುಬಿಡಿ.