ಮದುವೆಯ ಮೇಲೆ ರೆಕಾರ್ಡ್ ಆದ ಹಾಡು

ಸಿಂದಗಿಯಲ್ಲಿರುವ ನಮ್ಮ ಸೋದರಮಾವನ ಮನೆಗೆ ನೀವು ಹೋದರೆ ಚಹಾ ಸಿಗುವುದು ತುಸು ತಡವಾಗಬಹುದು. ಅಭಿಪ್ರಾಯ ಮಾತ್ರ ಚಪ್ಪಲಿ ಬಿಡುವಷ್ಟರಲ್ಲೇ ಸಿಗುತ್ತದೆ! ಅದೂ ರಾಜಕೀಯದ ಬಗ್ಗೆ ಅಲ್ಲ, ಮಳೆ-ಬೆಳೆಯ ಬಗ್ಗೆಯೂ ಅಲ್ಲ. ನೀವು ಹುಟ್ಟುವ ಮೊದಲೇ ಬಂದು ಹೋದ ಯಾವುದೋ ಸಿನಿಮಾದ ಬಗ್ಗೆ. ಆ ಸಿನಿಮಾ ನಾನು ನೋಡಿಲ್ಲ ಎಂದು ಬಾಯಿ ತಪ್ಪಿ ಹೇಳಿದಿರೋ, ಮುಗಿಯಿತು. ಅದನ್ನು ಪೂರ್ತಿ ನೋಡಿಸಿ, ಊಟ ಹಾಕಿಸಿಯೇ ಕಳಿಸುತ್ತಾನೆ.

ಮಾವನದು ತೊಗರಿ, ಜೋಳದ ಅಡತಿ ಅಂಗಡಿ. ಕಾಳುಕಡಿಯೆಲ್ಲ ಪೇಟೆಯಲ್ಲಿ, ಮನೆಯಲ್ಲಿ ಬರೀ ವಿಡಿಯೊ ಕ್ಯಾಸೆಟ್ಟು! ಪಡಸಾಲೆಯ ಗೋಡೆಗಳ ಬಣ್ಣ ಯಾವುದೆಂದು ಈಗ ಅತ್ತೆಗೂ ನೆನಪಿಲ್ಲ. ಹಳೆಯ ಸಿನಿಮಾಗಳು, ಯುಗಾದಿಗೆ, ದೀಪಾವಳಿಗೆ ಟಿವಿಯಲ್ಲಿ ಬಂದ ವಿಶೇಷ ಕಾರ್ಯಕ್ರಮಗಳು, ಎಲ್ಲವೂ ಇವೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ವಿಡಿಯೊ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಮಾವ ಸಾವಿಗೆ ಹೋಗುವವನ ಮುಖ ಮಾಡಿಕೊಂಡು ಹೋಗಿ, ಚೀಲ ತುಂಬಿಕೊಂಡು ಮದುಮಗನ ಹಾಗೆ ಮರಳಿ ಬರುತ್ತಿದ್ದ.

ಒಮ್ಮೆ ಮುದ್ದೇಬಿಹಾಳದಿಂದ ಬರುವಾಗ ನಾನೂ ಜೊತೆಗಿದ್ದೆ. ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಿ ಕೇಳಿದ, "ಇದರಾಗ ಏನೈತ್ರಿ ಸಾವ್ಕಾರ್ರ?"

"ಹೀರೋಗಳದಾರ, ವಿಲನ್‌ಗಳದಾರ, ಒಂದಿಷ್ಟು ಅಳೂ ತಾಯಂದ್ರದಾರ."

"ಹಂಗಾದ್ರ ಎಲ್ಲಾರ್ದೂ ಟಿಕೀಟ್ ತಗೀರಿ!"

"ಹೀರೋಂದು, ತಾಯಂದ್ರದು ತಗೀತೇನಿ. ವಿಲನ್‌ನ ದೇವರ ಹಿಪ್ಪರಗಿಯೊಳಗ ಇಳಿಸಿಬಿಡ್ರಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಲಗೇಜಿನ ಟಿಕೆಟ್ ಮಾತ್ರ ತಪ್ಪಲಿಲ್ಲ.

ಇನ್ನು ಅವನ ಅಭಿಪ್ರಾಯಗಳು! ನಾಯಕಿ ಜೋಳದ ಹೊಲದಲ್ಲಿ ಕುಣಿಯುತ್ತ ಓಡಿದಳೆಂದರೆ ಮಾವ ಕುರ್ಚಿಯಿಂದ ಎದ್ದೇ ಬಿಡುತ್ತಾನೆ. "ತೆನಿ ಬಂದ ಜೋಳದಾಗ ಹಿಂಗ ಓಡಿದ್ರ ಮೈಯೆಲ್ಲ ಸುಂಕು ಹತ್ತಿ ತುರಿಸ್ತೈತಿ. ಕೆರಕೊಳ್ಳೂ ಸೀನ್ ಎಲ್ಲೈತಿ?" ಜೋಳದ ಸೀಮೆಯಲ್ಲಿ ಹುಟ್ಟಿದ ನಮಗೆ ಇದಕ್ಕೆ ಎದುರಾಡಲು ಸಾಧ್ಯವೇ? ಹಳೆಯ ಸಿನಿಮಾದ ತಾಯಂದಿರ ಬಗ್ಗೆಯೂ ಅವನದು ಖಚಿತ ಮಾತು. "ಒಮ್ಮೆ ಕೆಮ್ಮಿದ್ಲಂದ್ರ ಮುಗೀತು. ಇಂಟರ್‌ವಲ್ ದಾಟೂದಿಲ್ಲ."

ಈಗಿನ ಹಬ್ಬದ ಕಾರ್ಯಕ್ರಮಗಳು ಅವನಿಗೆ ಸೇರುವುದಿಲ್ಲ. "ನಮ್ಮನ್ನ ನಗಸ್ತೇವಿ ಅಂತ ಹೇಳಿ ತಾವೇ ನಕ್ಕೊಂತ ಕುಂತಿರ್ತಾರ." ಹಳೆಯವೇ ಸೈ ಅವನಿಗೆ. ಪ್ರಸಾರ ನಿಂತು, ಅಡಚಣೆಗಾಗಿ ವಿಷಾದಿಸುತ್ತೇವೆ ಎಂದು ಟಿವಿಯಲ್ಲಿ ಬರುತ್ತಿದ್ದ ಬೋರ್ಡನ್ನೂ ಬಿಡದೆ ರೆಕಾರ್ಡ್ ಮಾಡಿ ಇಟ್ಟಿದ್ದಾನೆ! ಯಾಕೆ ಮಾವ ಎಂದರೆ, "ಇಷ್ಟು ಮರ್ಯಾದಿಲೆ ಕ್ಷಮಾ ಕೇಳೂ ಮಂದಿ ಈಗ ಎಲ್ಲಿ ಅದಾರ?" ಎನ್ನುತ್ತಾನೆ. ಮಾವನ ಇನ್ನೊಂದು ನಿಯಮವೆಂದರೆ ಏನನ್ನೂ ಕತ್ತರಿಸಬಾರದು. ಜಾಹೀರಾತೂ ಇರಬೇಕು, ನಡುವೆ ಕರೆಂಟು ಹೋಗಿ ಬಂದದ್ದೂ ಇರಬೇಕು.

ಕ್ಷಮೆಯ ಮಾತು ಬಂತಲ್ಲ, ಆ ಮನೆಯಲ್ಲಿ ಮಾವನಿಗೆ ಇನ್ನೂ ಸಿಗದಿದ್ದದ್ದು ಅದೊಂದೇ. ಮದುವೆಯಾದ ಮರುವರ್ಷದ ಮಾತು. ಹಲಸಂಗಿ ಕಡೆಯ ಹೆಣ್ಣುಮಕ್ಕಳು ಹಾಡುವ ಬೀಸುವ ಪದಗಳ ಕಾರ್ಯಕ್ರಮ ಅಂದು ಸಂಜೆ ಟಿವಿಯಲ್ಲಿ ಬರುತ್ತದೆ ಎಂದು ಗೊತ್ತಾಯಿತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇಲ್ಲ. ಪೇಟೆ ಬಂದ್. ನಮ್ಮ ಮಾವ ಏನು ಮಾಡಿದ ಗೊತ್ತೇ? ತನ್ನದೇ ಮದುವೆಯ ಕ್ಯಾಸೆಟ್ ತೂರಿಸಿ ಅದರ ಮೇಲೆಯೇ ರೆಕಾರ್ಡ್ ಮಾಡಿಬಿಟ್ಟ!

ಅತ್ತೆ ಕೆರಳಿ ಕೆಂಡವಾದಾಗ ಅವನು ಕೊಟ್ಟ ಸಮಜಾಯಿಷಿ ಇನ್ನೂ ಚಂದ. "ಮದುವಿ ನಾವಿಬ್ಬರೂ ಕಣ್ಣಾರೆ ನೋಡೇವಿ. ಈ ಕಾರ್ಯಕ್ರಮ ಇನ್ನೂ ನೋಡಿಲ್ಲಲ್ಲ!"

ಅತ್ತೆ ಆ ಕ್ಯಾಸೆಟ್ಟನ್ನು ಕಿತ್ತುಕೊಂಡು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ನೋಡಲು ಅಲ್ಲ, ಸಾಕ್ಷಿಗೆ! ಮಾವ ಆ ವಿಷಯ ಎತ್ತಿದರೆ ಸಾಕು, "ಆ ಸುದ್ದಿ ತಗೀಬ್ಯಾಡ್ರಿ" ಎಂದು ಎದ್ದು ಹೋಗುತ್ತಿದ್ದಳು. ಹೀಗೆಯೇ ಅವರ ಮಕ್ಕಳು ಬೆಳೆದು, ಅವರ ಮದುವೆಗಳೂ ಆದವು.

ಮೊನ್ನೆ ನಾನು ಅಲ್ಲಿದ್ದಾಗಲೇ ತಾಳಿಕೋಟೆಯಿಂದ ಒಬ್ಬರು ಟೀಚರ್ ಬಂದರು. ಮುಸ್ಲಿಮರ ಮನೆಯ ಹೆಣ್ಣುಮಗಳು, ತವರು ಹಲಸಂಗಿಯ ಹತ್ತಿರ. ಅವರ ತಾಯಿ ಆ ಕಾರ್ಯಕ್ರಮದಲ್ಲಿ ಹಾಡಿದ್ದರಂತೆ. ಟಿವಿಯವರನ್ನು ಕೇಳಿದರೆ ತಮ್ಮಲ್ಲಿ ಅದು ಉಳಿದಿಲ್ಲ ಎಂದರಂತೆ. ಸಿಂದಗಿಯಲ್ಲಿ ಒಬ್ಬರು ಏನನ್ನೂ ಬಿಡದೆ ಕೂಡಿಡುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ ಬಂದಿದ್ದರು.

"ಐತಿ ತಂಗಿ, ಐತಿ," ಎಂದ ಮಾವ. ಆಮೇಲೆ ಸಣ್ಣ ದನಿಯಲ್ಲಿ, "ಆದರ ಕ್ಯಾಸೆಟ್ ನಂದು, ಕೀಲಿ ಇಕಿದು" ಎಂದು ಅಡುಗೆಮನೆಯತ್ತ ನೋಡಿದ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಟೀಚರ್ ಅವಳತ್ತ ತಿರುಗಿದರು. "ಅವ್ವ ತೀರಿಕೊಂಡಾಗ ನಾ ಭಾಳ ಸಣ್ಣಾಕಿ ಇದ್ದೆ ಕಾಕು. ಮಾರಿ ಫೋಟೋದಾಗ ಐತ್ರಿ. ಧ್ವನಿ ಹೆಂಗಿತ್ತಂತ ನೆನಪಿಲ್ರಿ."

ಅತ್ತೆ ಸೊಂಟದ ಕೀಲಿ ತೆಗೆದು ಒಳಗೆ ಹೋದಳು.

ಕ್ಯಾಸೆಟ್ಟಿಗೆ ಬೂಸ್ಟು ಹಿಡಿದಿತ್ತು. ಮಾವ ಹಳೆಯ ಧೋತರದ ತುಂಡಿನಿಂದ ಒರೆಸಿ ಒರೆಸಿ, "ಒಮ್ಮೆ ಓಡಿದ್ರ ದೊಡ್ಡ ಮಾತು, ಎರಡನೇ ಸಲಕ್ಕ ಹರೀತೈತಿ. ನೀ ಮೊಬೈಲ್‌ದಾಗ ಹಿಡಿ" ಎಂದು ನನಗೆ ಹೇಳಿದ. ಹಿಡಿದೆ. "ಅಡ್ಡ ಹಿಡಿಯಪಾ! ಟಿವಿ ಅಡ್ಡ ಐತಿ, ನೀ ಉದ್ದ ಹಿಡದ್ರ ಹೆಂಗ?" ಎಂದು ಬೈಸಿಕೊಂಡೂ ಆಯಿತು.

ಪರದೆಯ ಮೇಲೆ ಗೆರೆಗಳು ಓಡಿದವು. ಆಮೇಲೆ ಬೀಸುವ ಕಲ್ಲು ತಿರುಗತೊಡಗಿತು. "ಈ ಕ್ಯಾಮೆರಾದವಗ ಬುದ್ಧಿ ಇಲ್ಲ ನೋಡು, ಹಾಡಾಕಿ ಮಾರಿ ಬಿಟ್ಟು ಬರೇ ಕಲ್ಲು..." ಎಂದು ಮಾವ ಶುರು ಮಾಡಿದ. ಅಷ್ಟರಲ್ಲಿ ಕ್ಯಾಮೆರಾ ಮೇಲೇರಿ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಣ್ಣುಮಗಳು ಬಾಯ್ತುಂಬ ಹಾಡತೊಡಗಿದಳು. ಟೀಚರ್ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಮಾವ ತನ್ನ ಅಭಿಪ್ರಾಯವನ್ನು ಅಲ್ಲಿಗೇ ನಿಲ್ಲಿಸಿದ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಇವನ ಸೋದರಳಿಯ ನಾನು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಟಿವಿಯವರ ಬಳಿಯೂ ಇಲ್ಲದ ಒಂದು ದನಿಯನ್ನು ನಮ್ಮ ಈ ಹುಚ್ಚು ಮಾವ ಉಳಿಸಿದ್ದ!

ಹಾಡು ಮುಗಿಯಿತು. ಕಾರ್ಯಕ್ರಮವೂ ಮುಗಿಯಿತು. ನಾನು ಮೊಬೈಲ್ ಇಳಿಸಬೇಕೆನ್ನುವಾಗ ಮಾವ ಕೈಸನ್ನೆಯಲ್ಲೇ ತಡೆದ. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿತು. ಮದುವೆಯ ಹಂದರ ಕಂಡಿತು. ಹಸಿರು ಸೀರೆಯ ಮದುಮಗಳು ತಲೆ ಬಗ್ಗಿಸಿ ನಿಂತಿದ್ದಳು. ಎದುರಿಗೆ ಒಬ್ಬ ತೆಳ್ಳನೆಯ ಹೆಂಗಸು ಅವಳ ಉಡಿ ತುಂಬುತ್ತ, ಅಳುತ್ತ, ಅಳುತ್ತಲೇ ಯಾರಿಗೋ ಏನೋ ಹೇಳಿ ನಗುತ್ತಿದ್ದಳು.

"ಅವ್ವಾ!" ಎಂದಳು ಅತ್ತೆ.

ಅವಳ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅತ್ತೆ ಟಿವಿಯ ಹತ್ತಿರ ಹೋಗಿ ನೆಲದ ಮೇಲೇ ಕುಳಿತುಬಿಟ್ಟಳು.

"ಹಾಡಿನ ಹಿಂದ ಮದುವಿ ಇನ್ನೊಂದಿಷ್ಟು ಉಳದೈತಿ ಅಂತ ಹೇಳಾಕ ಎಷ್ಟು ಸಲ ಬಂದೆ," ಎಂದ ಮಾವ, ಅವಳತ್ತ ನೋಡದೆ. "ನೀ ಕೇಳಿದರಲ್ಲ!"

ಅತ್ತೆ ತನ್ನ ಪಕ್ಕದಲ್ಲಿ ಬಂದು ಕುಳಿತ ಟೀಚರ್ ಅವರ ಕೈ ಹಿಡಿದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಹೇಳಿದಳು: "ಅಕಿಗೆ ಅಕಿ ಅವ್ವನ್ನ ಕಳಸು, ನನಗ ನಮ್ಮವ್ವನ್ನ ಕಳಸು."

ನಾನು ಆ ವಿಡಿಯೊ ತುಂಡು ಮಾಡಲಿಲ್ಲ. ಇಬ್ಬರಿಗೂ ಇಬ್ಬರು ತಾಯಂದಿರನ್ನೂ ಕಳಿಸಿದೆ.