ಹಿತಕಿದವರಿಗಷ್ಟೇ ಬೇಳೆ

ಸೋಂಪುರದ ಕಾರ್ಖಾನೆಯಲ್ಲಿ ಕೆಂಪರಾಜ ಸೂಪರ್‌ವೈಸರ್. ಅವನು ಒಮ್ಮೆ ಕೆಮ್ಮಿದರೆ ಇಡೀ ಪಾಳಿಯೇ ನೆಟ್ಟಗಾಗುತ್ತಿತ್ತು. ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಸ್ವಂತ ಮನೆಯಲ್ಲಿ ಮಾತ್ರ ಎಷ್ಟು ಕೆಮ್ಮಿದರೂ ಮಗಳು ಸಿಂಚನ, "ಬಿಸಿನೀರು ಕುಡಿಯಪ್ಪಾ" ಎಂದು ಫೋನಿನಿಂದ ತಲೆಯೆತ್ತದೆಯೇ ಹೇಳುತ್ತಿದ್ದಳು. (ಆ ಬಿಸಿನೀರನ್ನೂ ಅವನೇ ಕಾಯಿಸಿಕೊಳ್ಳಬೇಕು.)

ಮಗ ವಸಂತನಿಗೆ ಈಗ ಪಿಯುಸಿ. ಉಂಡ ತಟ್ಟೆ ತಾನಾಗಿಯೇ ಎದ್ದು ಸಿಂಕಿಗೆ ನಡೆದುಹೋಗುತ್ತದೆ ಎಂಬುದು ಅವನ ದೃಢನಂಬಿಕೆ. ಒಗೆದ ಬಟ್ಟೆ ಬೀರುವಿನೊಳಗೇ ಬೆಳೆಯುತ್ತದೆ ಎಂಬುದು ಸಿಂಚನಳದು.

ಅವರೆಕಾಯಿ ಕಾಲ. ಆ ಭಾನುವಾರ ಬೆಳಗಿನಿಂದಲೇ ಕೆಂಪರಾಜ ಹಿತಕಿದ ಬೇಳೆ ಸಾರಿನ ದಾರಿ ಕಾಯುತ್ತಿದ್ದ. ಸಂಜೆ ಹೆಂಡತಿ ವಾಣಿಶ್ರೀ ನೆನೆದ ಕಾಳಿನ ಬೇಸಿನ್ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸುವ ಕೆಲಸ. ಬೆನ್ನೂ ಹೋಗುತ್ತದೆ, ಉಗುರೂ ಹೋಗುತ್ತದೆ.

"ಅಮ್ಮಾ, ಇನ್ನೂ ಆಗಿಲ್ವಾ? ಹಸಿವು," ಎಂದ ವಸಂತ ಸೋಫಾದಿಂದ.

ಕೆಂಪರಾಜನಿಗೆ ರೇಗಿತು. "ಕೇಳ್ರಪ್ಪಾ. ಇವತ್ತಿಂದ ಈ ಮನೇಲಿ ಹೊಸ ಕಾನೂನು. ಯಾರ್ಯಾರು ಎಷ್ಟು ಹಿತಕ್ತೀರೋ ಅವರವರ ತಟ್ಟೆಗೆ ಅಷ್ಟೇ ಬೇಳೆ. ಹಿತಕದೋರಿಗೆ ಬರೀ ಮುದ್ದೆ, ನೀರುಸಾರು."

"ದೊಡ್ಡಬಳ್ಳಾಪುರದಲ್ಲಿ ಹಿತ್ಕಿರೋದೇ ಮಾರ್ತಾರೆ ಕಣಪ್ಪಾ. ತಂದ್ಬಿಟ್ರೆ ಆಯ್ತು."

"ತರೋರ್ಯಾರು?"

"ನೀನು," ಎಂದ ವಸಂತ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಕಾನೂನು ಆ ಕ್ಷಣವೇ ಜಾರಿಯಾಯಿತು. ಇಬ್ಬರೂ ಮುಖ ಊದಿಸಿಕೊಂಡು ಒಂದೊಂದು ಬಟ್ಟಲು ಹಿಡಿದು ಕೂತರು. ಕೆಂಪರಾಜ ಎದುರಿಗೆ ಕುರ್ಚಿ ಹಾಕಿಕೊಂಡು ಬೆವರು, ಶಿಸ್ತು, ಜೀವನ ಇತ್ಯಾದಿಗಳ ಬಗ್ಗೆ ಪ್ರವಚನ ಶುರುಮಾಡಿದ. ಸ್ವಲ್ಪ ಹೊತ್ತಿಗೆ ಬೇಳೆಗಳು ಫ್ಯಾನಿನ ತನಕ ಹಾರತೊಡಗಿದವು. "ಲೇ, ನನ್ನ ಬಟ್ಲಿಗೆ ಕೈ ಹಾಕ್ಬೇಡ" ಎಂದು ಸಿಂಚನ ಕಿರುಚಿದಳು, ವಸಂತ ನಕ್ಕ, ವಾಣಿಶ್ರೀಯೂ ನಕ್ಕಳು. ಎಲ್ಲವೂ ತನ್ನ ಮಾತಿನ ಮಹಿಮೆ ಎಂದುಕೊಂಡ ಕೆಂಪರಾಜ ಪ್ರವಚನವನ್ನು ಇನ್ನಷ್ಟು ಎಳೆದ.

ವಾಣಿಶ್ರೀ ಮೂವರ ಬೇಳೆಯನ್ನೂ ಬೇರೆಬೇರೆ ಬೇಯಿಸಿ, ಮೇಲೆ ಸಾರು ಹೊಯ್ದು ಬಡಿಸಿದಳು. ಕೆಂಪರಾಜ ತನ್ನ ತಟ್ಟೆಯನ್ನು ಬೆರಳಿನಿಂದ ಕಲಕಿದ. ಮತ್ತೆ ಕಲಕಿದ. ಒಂದು ಕಾಳೂ ಸಿಗಲಿಲ್ಲ.

"ಏನೇ ಇದು?"

"ಕಾನೂನು."

"ನಾನು ಉಸ್ತುವಾರಿ ನೋಡ್ಕೊಂಡ್ನಲ್ಲೇ."

"ಅದನ್ನ ಬೇಯ್ಸೋಕೆ ನಂಗೆ ಬರಲ್ಲ ರೀ."

ಬಾಯಿಬಿಟ್ಟು ಕೇಳಿದರೆ ಮಕ್ಕಳೆದುರು ಮರ್ಯಾದೆ ಹೋಗುತ್ತದೆ. ಕೇಳದಿದ್ದರೆ ಬೇಳೆಯೇ ಹೋಗುತ್ತದೆ. ಕೆಂಪರಾಜ ತಲೆ ತಗ್ಗಿಸಿ ಮುದ್ದೆ ನುಂಗಿದ. ಆಗ ಸಿಂಚನ ತನ್ನ ತಟ್ಟೆಯಿಂದ ಒಂದು ಚಮಚ ಬೇಳೆ ತೆಗೆದು ಅವನ ತಟ್ಟೆಗೆ ಹಾಕಿದಳು. ವಸಂತ ತನ್ನದರಲ್ಲಿ ಅರ್ಧವನ್ನೇ ಸುರಿದ.

"ತಿನ್ನಪ್ಪಾ, ನಿನ್ನ ಮುಖ ನೋಡೋಕಾಗ್ತಿಲ್ಲ."

ಕೆಂಪರಾಜನ ಕಣ್ಣು ತುಂಬಿ ಬಂತು. ಇಂಥ ಬಂಗಾರದ ಮಕ್ಕಳನ್ನು ದಂಡಿಸಲು ಹೊರಟೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಕಾನೂನು ಊಟದ ನಡುವೆಯೇ ರದ್ದಾಯಿತು.

ಮರುದಿನ ಕಾರ್ಖಾನೆಯಿಂದ ಬಂದವನು ಚಹಾ ಕೂಡ ಕುಡಿಯದೆ ಬೇಸಿನ್ ಮುಂದೆ ನೆಲಕ್ಕೆ ಕೂತ. ಮಕ್ಕಳಿಗೆ ಹಿತಕಿ ಹಾಕುವುದಾಗಿ ಅವನೇ ಮಾತು ಕೊಟ್ಟಿದ್ದ. ವಾಣಿಶ್ರೀ ಕಾಲು ಚಾಚಿ ಧಾರಾವಾಹಿ ನೋಡುತ್ತಿದ್ದಳು. ಅವನ ಹೆಬ್ಬೆರಳು ಕೆಂಪಾಗಿತ್ತು.

ಸಿಂಚನ ಬಂದು ಬಟ್ಟಲಿನಿಂದ ಒಂದು ಬೇಳೆ ಎತ್ತಿ ಬೆಳಕಿಗೆ ಹಿಡಿದಳು.

"ನೋಡಪ್ಪಾ, ಇದ್ರಲ್ಲಿ ಸಿಪ್ಪೆ ಹಂಗೇ ಇದೆ."

"ಕೊಡಮ್ಮ," ಎಂದ ಕೆಂಪರಾಜ, ಅದನ್ನು ವಾಪಸ್ ತೆಗೆದುಕೊಂಡು ಮತ್ತೆ ಹಿತಕಿದ.