ಕಳವಳ ಹೇಳಾಕ ಬಂದ ಸಾಹೇಬ

ನಗು ಬರೋ ಸಂಗತಿ ನಮ್ಮ ಬನಹಟ್ಟಿ ಓಣಿಯನ್ನ ಹುಡುಕ್ಕೊಂಡು ಬರ್ತಾವ. ಒಮ್ಮೆ ದೊಡ್ಡ ಸರಕಾರಗಳ ತಕರಾರೂ ನಮ್ಮ ಹೆಣ್ಣುಮಕ್ಕಳ ಸಂಘದ ಬಾಗಿಲಿಗೆ ಬಂದು ನಿಂತಿತ್ತು. ಸಂಘ ಅಂದ್ರ ಒಂದು ಖೋಲಿ, ಒಂದು ಫ್ಯಾನು. ಹೆಂಗಸರು ಅಲ್ಲಿ ಕುಂತು ಮಗ್ಗದ ಲಾಳಿಗೆ ಹಾಕೋ ನೂಲಿನ ಕಂಡಿಕಿ ಸುತ್ತತಿದ್ರು. ನಾ ಮುದುಕಿ, ಕಣ್ಣು ಮಂಜು, ಬಾಯಿ ಛಲೋ ಐತಿ. ಯಾರ ಮನಿಯಾಗ ಏನಾತು ಅಂತ ಹೇಳಾಕ ಹೋಗತಿದ್ದೆ. ಮನಿಯಾಗ ನನ್ನ ಕೂಡ ಮಾತಾಡೋದು ಬಾಜೂದವರ ಪವರ್‌ಲೂಮ್ ಒಂದ, ಅದೂ ಕರೆಂಟ್ ಇದ್ದಾಗ.

ದಿಲ್ಲಿಗೆ ಮುಟ್ಟಿದ್ದು

ಒಂದಿನ ಸಂಘ ನಡೆಸೋ ಅಕ್ಕಾರು ಸಪ್ಪಗ ಬಂದ್ರು.

"ದಿಲ್ಲ್ಯಾಗ ಹೊಸ ಕಾಯ್ದೆ ಆಗೇತ್ರಿ. ಹೊರದೇಶದವರ ಸಹಾಯದಾಗ ನಡೆಯೋ ಸಂಘಕ್ಕ ಬಿಗಿ ಹಿಡದಾರ. ನಮ್ಮ ಖೋಲಿ ಮುಚ್ಚಬೇಕಾಗತದೋ ಏನೋ."

ನಮ್ಮ ಎದುರುಮನಿ ಸೊಸಿ ನನ್ನ ಕಡೆ ಬೆರಳು ಮಾಡಿದ್ಲು.

"ಆಯಿ, ಇದು ನಿನ್ನ ಕೆಲಸ! ದಿನಾ ಇಲ್ಲಿ ಕುಂತು ಊರ ಮಂದಿ ಸುದ್ದಿ ಆಡಿದಿ, ದಿಲ್ಲಿಗೆ ಮುಟ್ಟೇತಿ."

"ನನ್ನ ಮಾತು ದಿಲ್ಲಿಗೆ ಮುಟ್ಟತಾವ, ಮುಧೋಳದಾಗಿನ ನನ್ನ ತಂಗಿಗೆ ಯಾಕ ಮುಟ್ಟವಲ್ಲವು ಬೇ? ಅಕಿ ಬಂದು ಹೋಗಿ ಯಾ ಕಾಲ ಆತು!"

ಬೀಗರ ಕಳವಳ

ಆಮ್ಯಾಲೆ ಅಕ್ಕಾರು ಪೇಪರ್ ಓದಿ ಹೇಳಿದ್ರು: ನಮ್ಮ ಸಂಘಕ್ಕ ಸಹಾಯ ಮಾಡೋ ದೇಶ ಈ ಕಾಯ್ದೆ ಬಗ್ಗೆ ತೀವ್ರ ಕಳವಳ ಹೇಳೇತಿ. ದಿಲ್ಲಿಯವರು, "ಇದು ನಮ್ಮ ಮನಿ ವಿಚಾರ, ನೀವು ಬಾಯಿ ಹಾಕಬ್ಯಾಡ್ರಿ" ಅಂದಾರ.

ನನಗ ತಟ್ಟನ ತಿಳೀತು. ಇದು ಬೀಗರ ರೀತಿ. ಅತ್ತಿ ಸೊಸಿಯನ್ನ ಕಾಡಿದ್ರ ಹುಡುಗಿ ಕಡೆಯವರು "ಮನಸ್ಸಿಗೆ ಭಾಳ ಹತ್ತೇತ್ರಿ" ಅಂತ ಹೇಳಿ ಕಳಸ್ತಾರ. ಬಂದು ಬಿಡಸೂದಿಲ್ಲ.

ಮುಂದ ಅದ ಪೇಪರಿನ್ಯಾಗ ಎರಡೂ ಕಡೆ ಸಾಹೇಬರು ಒಂದ ಟೇಬಲ್ಲಿಗೆ ಕುಂತು ಉಣ್ಣೋ ಫೋಟೋ ಬಂತು.

"ಕಳವಳ ಎಲ್ಲಿ ಹೋತ್ರಿ?" ಅಂದೆ.

"ಅದು ಬ್ಯಾರೆ ಆಯಿ, ಇದು ಬ್ಯಾರೆ."

ಬ್ಯಾರೆ ಹ್ಯಾಂಗ ಆಗತದ? ಹೊಟ್ಟಿ ಇರೋದು ಒಂದ. ಊಟ ಹೋದ ಮ್ಯಾಲೆ ಕಳವಳಕ್ಕ ಜಾಗ ಎಲ್ಲೈತಿ?

ಸಾಹೇಬ ಬಂದ

ಕಡೀಕ ಆ ದೇಶದ ದೂತಾವಾಸದಿಂದ ಒಬ್ಬ ಸಾಹೇಬ ಬರ್ತಾನ ಅಂತಾತು.

"ಅವನ ಕೈಯಾಗ ಏನೂ ಇಲ್ಲ. ನಮ್ಮ ದುಃಖದಾಗ ಭಾಗಿ ಆಗಾಕ ಬರ್ತಾನ, ಅಷ್ಟ," ಅಂದ್ರು ಅಕ್ಕಾರು.

ಅಂಥಾ ಭೆಟ್ಟಿ ನಮಗೇನು ಹೊಸದು? ಸತ್ತ ಮನಿಗೆ ಮಂದಿ ಹಂಗ ಬರ್ತಾರ. ಬಂದವರು ಹೊಸ್ತಿಲಿಗೆ ಕಾಲಿಟ್ಟ ಕೂಡಲೇ ಮನಿ ಹೆಂಗಸರು ಅಳಬೇಕು, ಹೋದವರ ಗುಣ ಎತ್ತಿ ಹಾಡಬೇಕು. ಚಾ ಕೊಡಬಾರದು. ಹೊಂಟಾಗ "ಹೋಗಿ ಬರ್ರಿ" ಅನಬಾರದು.

ಮಹಾಲಿಂಗಪುರದ ಕಡೆಯಿಂದ ಕಾರ್ ಬಂತು. ಸಾಹೇಬ ಬೂಟು ಕಳದು ಒಳಗ ಕಾಲಿಟ್ಟ. ನಾವೆಲ್ಲ ತಲಿ ಮ್ಯಾಲೆ ಸೆರಗು ಎಳಕೊಂಡು ಶುರು ಮಾಡಿದ್ವಿ.

"ಫ್ಯಾನಿನ ಗಾಳಿ ಕೊಟ್ಟಿದ್ಯೋ ನಮ್ಮ ಸಂಘವೇ! ಅತ್ತಿ ಕಾಟ ಮರಸಿದ್ಯೋ ನನ್ನಪ್ಪಾ!" ಅಂತ ಎದುರುಮನಿ ಸೊಸಿ ಎದಿ ಬಡಕೊಂಡ್ಲು. ಅಕಿ ಅತ್ತಿ ಬಾಜೂಕ ಕುಂತು ಅಳಾಕತ್ತಿದ್ಲು. ಅದನ್ನ ಕೇಳಿ ಅತ್ತಿ ಗಪ್ಪನ ಅಳು ನಿಲ್ಲಿಸಿದ್ಲು.

ಸಾಹೇಬನ ಮಾರಿ ಸುಣ್ಣ ಆತು. ಅವನ ಮಾತು ಕನ್ನಡಕ್ಕ ತಿರುವಾಕ ಬಂದಿದ್ದ ಬೆಂಗಳೂರ ಹುಡುಗಿ ಕೇಳಿದ್ಲು: "ಯಾರು ತೀರಿಕೊಂಡ್ರು?"

"ಇನ್ನೂ ಯಾರೂ ಇಲ್ಲ ಯವ್ವಾ," ಅಂದೆ ನಾ. " ನೀವು ಲಗೂನ ಬಂದೀರಿ."

ಮೇಲಿನವರಿಗೆ

ಎಲ್ಲಾರ ಅಳು ನಿಂತರೂ ನಂದು ನಿಲ್ಲವಲ್ಲದು. ರೂಢಿಗೆ ಶುರು ಮಾಡಿದ್ದು, ಖರೇನ ಬಂದಬಿಡ್ತು. ಸಾಹೇಬ ನನ್ನ ಮುಂದ ನೆಲಕ್ಕ ಕುಂತ.

"ನಿಮಗೆ ಏನು ತೊಂದರೆ ಅಂತ ಕೇಳ್ತಿದ್ದಾರೆ," ಅಂದ್ಲು ಹುಡುಗಿ.

"ಈ ಖೋಲಿ ಮುಚ್ಚಿದ್ರ ನಾ ಯಾರ ಸುದ್ದಿ ಯಾರಿಗೆ ಹೇಳಲಿ?"

ಇಬ್ಬರೂ ಗುಸುಗುಸು ಮಾತಾಡಿದ್ರು. "ನೀವು ಹೇಳೋದನ್ನೆಲ್ಲ ತುಂಬಾ ಮೇಲಿನವರಿಗೆ ಮುಟ್ಟಿಸ್ತಾರಂತೆ."

"ಎಲ್ಲಾನೂ?"

"ಎಲ್ಲಾನೂ."

ಕಣ್ಣು ಒರಸಿಕೊಂಡೆ. ಮೂಲಿಮನಿ ಸೊಸಿ ತವರಿಗೆ ಓಡಿದ್ದರಿಂದ ಹಿಡದು ರಬಕವಿ ಮಾಸ್ತರನ ಎರಡನೇ ಸಂಸಾರದ ತನಕ ಬಿಚ್ಚಿದೆ. ಬೆಂಗಳೂರ ಹುಡುಗಿ ಮಾಸ್ತರನ ಕಡೆ ಬರೋದ್ರಾಗ ಕೆಂಪಾಗಿ, ತಿರುವೋದು ಬಿಟ್ಟು ಹೊರಗ ಎದ್ದು ಹೋದ್ಲು. ಸಾಹೇಬ ಏಳಲಿಲ್ಲ. ಹೊತ್ತು ಮುಳುಗೋ ತನಕ ನನ್ನ ಮಾರಿ ನೋಡಿಕೋತ, ಹೌದೌದು ಅಂತ ಗೋಣು ಹಾಕಿಕೋತ ಕುಂತ.

ಮುಂದ ಖೋಲಿಗೆ ಕೀಲಿ ಬಿತ್ತು. ಕಂಡಿಕಿ ಸುತ್ತಾವರು ತಮ್ಮ ತಮ್ಮ ಮನಿ ಹಿಡಿದ್ರು.

ಇಷ್ಟು ವಯಸ್ಸಿನ್ಯಾಗ ನನ್ನ ಮಾತು ಕಡೀತನಕ ಕುಂತು ಕೇಳಿದ ಗಂಡಸು ಅವನೊಬ್ಬನ. ಅವಗ ಕನ್ನಡ ಬರತಿರಲಿಲ್ಲ.